ಎಚ್‌ಡಿ ವಿಡಿಯೋ ಡಿವಿಡಿಗೆ ಹೋದಾಗ ಮಸುಕಾಗುವುದೇಕೆ?

ಪ್ರಶ್ನೆ: ನಮ್ಮ ನೃತ್ಯ ತಂಡದ ಕಾರ್ಯಕ್ರಮದ ವಿಡಿಯೋ ನನ್ನ ಹತ್ತಿರ ಇದೆ. ಕ್ಯಾಮೆರಾದ ಎಂಪಿ4 ಫೈಲ್, 1920×1080, ಸೆಕೆಂಡಿಗೆ 25 ಫ್ರೇಮ್. ಜೊತೆಗೆ ಸ್ನೇಹಿತರು ಫೋನಿನಲ್ಲಿ ತೆಗೆದು ಕಳಿಸಿದ ಕೆಲವು ತುಣುಕುಗಳು. ಎಲ್ಲಾ ಸೇರಿ 2 ಗಂಟೆ 40 ನಿಮಿಷ. ಕಂಪ್ಯೂಟರಿನಲ್ಲಿ ನೋಡಿದರೆ ಕಣ್ಣಿಗೆ ಹಬ್ಬ. ತಂಡದ ಹಿರಿಯರಿಗೆ ಡಿವಿಡಿ ಪ್ಲೇಯರೇ ಸಲೀಸು ಅಂತ ಡಿವಿಡಿ ಮಾಡಲು ಹೊರಟೆ. ಒಂದು ಕನ್ವರ್ಟರ್‌ನಲ್ಲಿ ‘ಹೈ ಕ್ವಾಲಿಟಿ’ ಆರಿಸಿ ಬರ್ನ್ ಮಾಡಿದೆ. ಟಿವಿಯಲ್ಲಿ ಹಾಕಿದರೆ ಚಿತ್ರ ಮಸುಕು. ಕುಣಿತ ಜೋರಾದಾಗ ಚೌಕ ಚೌಕವಾಗಿ ಒಡೆಯುತ್ತದೆ. ಎಲ್ಲರೂ ತೆಳ್ಳಗೆ, ಉದ್ದಕ್ಕೆ ಎಳೆದ ಹಾಗೆ ಕಾಣುತ್ತಾರೆ. ಫೋನಿನ ತುಣುಕುಗಳಲ್ಲಿ ಹಾಡು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ. ದುಡ್ಡು ಕೊಟ್ಟು ದೊಡ್ಡ ಸಾಫ್ಟ್‌ವೇರ್ ತಗೊಂಡರೆ ಸರಿಹೋಗುತ್ತದೆಯೇ?

ಉತ್ತರ: ಸಾಫ್ಟ್‌ವೇರ್ ಆಮೇಲೆ ನೋಡೋಣ. ನೀವು ಹೇಳಿದ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಒಂದನ್ನು ಪೂರ್ತಿಯಾಗಿ ಸರಿಪಡಿಸಲು ಆಗುವುದಿಲ್ಲ, ಮೂರನ್ನು ಸರಿಪಡಿಸಬಹುದು. ಆಗದೇ ಇರುವುದನ್ನು ಮೊದಲು ಹೇಳಿ ಮುಗಿಸುತ್ತೇನೆ.

ಡಿವಿಡಿ 1996ರಲ್ಲಿ ಮಾರುಕಟ್ಟೆಗೆ ಬಂದದ್ದು. ಆಗಿನ ಟಿವಿಗೆ ಎಷ್ಟು ಬೇಕೋ ಅಷ್ಟೇ ಚಿತ್ರ ಅದರಲ್ಲಿ ಹಿಡಿಸುತ್ತದೆ. ಭಾರತ, ಯುರೋಪಿನಂಥ ಕಡೆಯ ಪಾಲ್ ಟಿವಿ ಪದ್ಧತಿಯಲ್ಲಿ 720×576, ಅಮೆರಿಕ, ಜಪಾನಿನಂಥ ಕಡೆಯ ಎನ್‌ಟಿಎಸ್‌ಸಿಯಲ್ಲಿ 720×480. ನಿಮ್ಮ 1920×1080 ಚಿತ್ರದಲ್ಲಿರುವ ಪಿಕ್ಸೆಲ್‌ಗಳ ಸಂಖ್ಯೆ ಸುಮಾರು 20 ಲಕ್ಷ 74 ಸಾವಿರ. ಪಾಲ್ ಡಿವಿಡಿಯದ್ದು 4 ಲಕ್ಷ 15 ಸಾವಿರದ ಹತ್ತಿರ. ಅಂದರೆ ಸರಿಯಾಗಿ ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲನ್ನು ಯಾವ ಸಾಫ್ಟ್‌ವೇರೂ ಡಿಸ್ಕಿನೊಳಗೆ ತುಂಬಲಾರದು. ಎಚ್‌ಡಿಯ ಸ್ಪಷ್ಟತೆ ‘ಸ್ವಲ್ಪವೂ ಕಡಿಮೆಯಾಗದೆ’ ಡಿವಿಡಿಗೆ ಬರುತ್ತದೆ ಅಂತ ಯಾವುದಾದರೂ ಸಾಫ್ಟ್‌ವೇರಿನ ಪೆಟ್ಟಿಗೆ ಮೇಲೆ ಬರೆದಿದ್ದರೆ ಅದನ್ನು ನಂಬಬೇಡಿ.

ಹಾಗಂತ ಬೇಜಾರು ಮಾಡಿಕೊಳ್ಳುವಂಥದ್ದೇನಿಲ್ಲ. ಅಂಗಡಿಯಲ್ಲಿ ಸಿಗುವ ಸಿನಿಮಾ ಡಿವಿಡಿಗಳದ್ದೂ ಇದೇ ಅಳತೆ. ಅವು ನೋಡಲು ಚೆನ್ನಾಗಿಯೇ ಇರುತ್ತವೆ ಅಲ್ವಾ? ಆ ಮಟ್ಟಕ್ಕೆ ನಿಮ್ಮ ಡಿಸ್ಕೂ ಬರಬಹುದು. ನಿಮ್ಮ ಡಿಸ್ಕಿನಲ್ಲಿ ಕಾಣುತ್ತಿರುವ ಮಸುಕಿನಲ್ಲಿ ಪಿಕ್ಸೆಲ್ ಕಡಿಮೆಯಾದದ್ದರ ಪಾಲು ಸ್ವಲ್ಪವೇ. ಜಾಸ್ತಿ ಪಾಲು ಬೇರೆ ಕಡೆಯಿಂದ ಬಂದಿದೆ: 2 ಗಂಟೆ 40 ನಿಮಿಷವನ್ನು ಒಂದೇ ಡಿಸ್ಕಿಗೆ ತುರುಕಿದ್ದರಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಿವಿಡಿ ಮಾಡುವಾಗ ನಿಮ್ಮ ಕೈಯಲ್ಲಿರುವ ನಿರ್ಧಾರಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಒಂದು ಡಿಸ್ಕಿಗೆ ಎಷ್ಟು ನಿಮಿಷ ಅನ್ನುವುದು. ಸಾಮಾನ್ಯ ಡಿಸ್ಕಿನಲ್ಲಿ 4.7 ಜಿಬಿ ಜಾಗ ಇರುತ್ತದೆ. ಕಂಪ್ಯೂಟರ್ ಅದನ್ನೇ 4.37 ಎಂದು ತೋರಿಸುತ್ತದೆ, ಎಣಿಸುವ ರೀತಿ ಬೇರೆ ಅಷ್ಟೇ. ಈ ಜಾಗವನ್ನು ವಿಡಿಯೋದ ಸೆಕೆಂಡುಗಳಿಗೆ ಹಂಚಬೇಕು. ಪ್ರತಿ ಸೆಕೆಂಡಿಗೆ ಸಿಗುವ ಪಾಲಿಗೆ ಬಿಟ್‌ರೇಟ್ ಅನ್ನುತ್ತಾರೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ನಿಮಿಷ ಜಾಸ್ತಿಯಾದಷ್ಟೂ ಒಂದೊಂದು ಸೆಕೆಂಡಿನ ಪಾಲು ಕಡಿಮೆಯಾಗುತ್ತದೆ.

ಲೆಕ್ಕ ಸುಲಭ. 600ನ್ನು ನಿಮ್ಮ ವಿಡಿಯೋದ ನಿಮಿಷಗಳಿಂದ ಭಾಗಿಸಿ. ಬರುವ ಸಂಖ್ಯೆಯೇ ಚಿತ್ರ, ಧ್ವನಿ ಎರಡೂ ಸೇರಿ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಸಿಗುತ್ತದೆ ಅನ್ನುವುದು. ಮೆನು ಇತ್ಯಾದಿಗೆ ಬೇಕಾದ ಅಲ್ಪಸ್ವಲ್ಪ ಜಾಗವನ್ನೂ ಇದರಲ್ಲಿ ಬಿಟ್ಟಾಗಿದೆ. ಎರಡು ಗಂಟೆಯ ವಿಡಿಯೋಗೆ 5 ಬರುತ್ತದೆ. ನಿಮ್ಮ 160 ನಿಮಿಷಕ್ಕೆ ಬರುವುದು 3.75. ಅದರಲ್ಲಿ ಧ್ವನಿಗೆ ಕೊಟ್ಟು ಚಿತ್ರಕ್ಕೆ ಉಳಿಯುವುದು ಸುಮಾರು 3.5. ಒಬ್ಬರು ಕುಳಿತು ಮಾತಾಡುವ ವಿಡಿಯೋ ಆಗಿದ್ದರೆ ಇಷ್ಟರಲ್ಲೇ ನಡೆದುಹೋಗುತ್ತಿತ್ತು. ಹತ್ತು ಜನ ಒಟ್ಟಿಗೆ ಕುಣಿಯುವಾಗ ಸಾಲುವುದಿಲ್ಲ.

‘ಮೂಲ ಫೈಲಿನ ಬಿಟ್‌ರೇಟೂ ಅಷ್ಟೇನು ದೊಡ್ಡದಲ್ಲ, ಅದು ಹೇಗೆ ಚೆನ್ನಾಗಿದೆ?’ ಅಂತ ನೀವು ಕೇಳಬಹುದು. ಎಂಪಿ4 ಫೈಲುಗಳಲ್ಲಿ ಸಾಮಾನ್ಯವಾಗಿ ಇರುವುದು ವಿಡಿಯೋವನ್ನು ಕುಗ್ಗಿಸಿಡುವ ಎಚ್.264 ಪದ್ಧತಿ, 2003ರದ್ದು. ಡಿವಿಡಿ ಬಳಸುವುದು ಅದಕ್ಕಿಂತ ಹಳೆಯ ಎಂಪೆಗ್-2. ಅದೇ ಗುಣಮಟ್ಟಕ್ಕೆ ಎಂಪೆಗ್-2 ಹೆಚ್ಚುಕಮ್ಮಿ ಎರಡರಷ್ಟು ಬಿಟ್ ಕೇಳುತ್ತದೆ. ಹಾಗಾಗಿ ಎರಡರ ಬಿಟ್‌ರೇಟನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ಪ್ರಯೋಜನವಿಲ್ಲ.

ಆ ಚೌಕಗಳು ಹೇಗೆ ಹುಟ್ಟುತ್ತವೆ ಅನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ, ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರ್ ಸಾಫ್ಟ್‌ವೇರಿನಲ್ಲಿ ತೆರೆದು, ಯಾರಾದರೂ ಗಿರಕಿ ಹೊಡೆಯುವ ಜಾಗದಲ್ಲಿ ನಿಲ್ಲಿಸಿ. ಹಿಂದಿನ ಪರದೆ ಸ್ಪಷ್ಟವಾಗಿಯೇ ಇರುತ್ತದೆ. ನೆಲವೂ ಪರವಾಗಿಲ್ಲ. ಬೀಸಿದ ಕೈಯ ಸುತ್ತ, ಹಾರುವ ಸೆರಗಿನ ಅಂಚಿನಲ್ಲಿ ಮಾತ್ರ ಸಣ್ಣ ಸಣ್ಣ ಚೌಕಗಳು ಜೋಡಿಸಿಟ್ಟ ಹಾಗೆ ಕಾಣುತ್ತವೆ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಂಪೆಗ್-2 ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಮಾಡಿ ಬರೆದಿಡುತ್ತದೆ. ಅಲುಗಾಡದ ಜಾಗವನ್ನು ಹಿಂದಿನ ಫ್ರೇಮಿನಿಂದಲೇ ಎತ್ತಿಕೊಳ್ಳುತ್ತದೆ, ಅದಕ್ಕೆ ಬಿಟ್ ಖರ್ಚೇ ಇಲ್ಲ. ಹೊಸದಾಗಿ ಬಂದ ಜಾಗಕ್ಕೆ ಮಾತ್ರ ಹೊಸದಾಗಿ ಬರೆಯಬೇಕು. ಕುಣಿತ ಜೋರಾದರೆ ಹೊಸ ಜಾಗ ಜಾಸ್ತಿ. ಬಿಟ್ ಸಾಲದಿದ್ದಾಗ ಪ್ರತಿ ತುಂಡಿನ ಸೂಕ್ಷ್ಮ ವಿವರವನ್ನು ಕೈಬಿಟ್ಟು ಒರಟು ಬಣ್ಣವನ್ನಷ್ಟೇ ಉಳಿಸಿಕೊಳ್ಳುತ್ತದೆ. ಆಗ ತುಂಡುಗಳ ಅಂಚು ಎದ್ದು ಕಾಣುತ್ತದೆ. ವೇದಿಕೆಯ ಮಿನುಗುವ ದೀಪಗಳಂತೂ ಇದಕ್ಕೆ ಶತ್ರು. ದೀಪ ಹೊತ್ತಿ ಆರಿದಾಗಲೆಲ್ಲ ಇಡೀ ಚಿತ್ರ ಬದಲಾಗುತ್ತದೆ, ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಲು ಏನೂ ಉಳಿದಿರುವುದಿಲ್ಲ. ಹೊಗೆ ಬಿಟ್ಟಾಗ, ಬಣ್ಣದ ಕಾಗದದ ಚೂರು ಎರಚಿದಾಗಲೂ ಹೀಗೆಯೇ.

ಹಾಗಾದರೆ ಏನು ಮಾಡಬೇಕು? ಎರಡು ಡಿಸ್ಕ್ ಮಾಡಿ. ಕಾರ್ಯಕ್ರಮಕ್ಕೆ ಮಧ್ಯಂತರ ಇದ್ದೇ ಇರುತ್ತದೆ, ಅಲ್ಲಿಗೆ ಕತ್ತರಿಸಿ. 80 ನಿಮಿಷಕ್ಕೆ 600ರ ಲೆಕ್ಕದಲ್ಲಿ 7.5 ಬರುತ್ತದೆ. ಧ್ವನಿ ಕಳೆದು ಚಿತ್ರಕ್ಕೆ 7.2ರ ಸುಮಾರು. ಎಂಪೆಗ್-2ಗೆ ಇದು ಧಾರಾಳ. ನನ್ನ ಕೇಳಿದರೆ ಇದೊಂದು ಬದಲಾವಣೆಯಿಂದಲೇ ನಿಮ್ಮ ಚೌಕಗಳ ಕಾಟ ಬಹುಪಾಲು ಮುಗಿಯುತ್ತದೆ. ಡಬಲ್ ಲೇಯರ್ ಡಿಸ್ಕ್ ಇನ್ನೊಂದು ದಾರಿ. ಅದರಲ್ಲಿ 8.5 ಜಿಬಿ ಹಿಡಿಸುತ್ತದೆ, 600ರ ಬದಲು 1090 ಹಾಕಿ ಲೆಕ್ಕ ಮಾಡಬೇಕು. ಆದರೆ ನಾವು ಬರ್ನ್ ಮಾಡಿದ ಡಬಲ್ ಲೇಯರ್ ಡಿಸ್ಕಿಗೆ ಹಳೆಯ ಪ್ಲೇಯರ್‌ಗಳು ತಕರಾರು ತೆಗೆಯುವುದುಂಟು. ಹಿರಿಯರ ಮನೆಯಲ್ಲಿರುವುದು ಹಳೆಯ ಪ್ಲೇಯರೇ ಇರಬಹುದು. ಅದಕ್ಕೇ ಎರಡು ಸಾಮಾನ್ಯ ಡಿಸ್ಕೇ ಮೇಲು.

ಜಾಗ ಇದೆ ಅಂತ ಬಿಟ್‌ರೇಟನ್ನು ಎಷ್ಟು ಬೇಕಾದರೂ ಏರಿಸಬೇಡಿ. ಡಿವಿಡಿ ನಿಯಮದ ಪ್ರಕಾರ ಚಿತ್ರಕ್ಕೆ ಗರಿಷ್ಠ 9.8, ಧ್ವನಿ ಎಲ್ಲಾ ಸೇರಿ 10.08 ಮೆಗಾಬಿಟ್. ಆ ಗೆರೆಯವರೆಗೆ ಹೋದ ಡಿಸ್ಕನ್ನು ಎಷ್ಟೋ ಪ್ಲೇಯರ್‌ಗಳು ತಡವರಿಸುತ್ತಾ ಓದುತ್ತವೆ. ಗರಿಷ್ಠ 9ಕ್ಕೆ, ಸರಾಸರಿ 8ರೊಳಗೆ ಇಟ್ಟುಕೊಂಡರೆ ಕ್ಷೇಮ. ಅರ್ಧ ಗಂಟೆಯ ವಿಡಿಯೋ ಆದರೂ ಅಷ್ಟೇ. ಉಳಿದ ಜಾಗ ಖಾಲಿ ಇದ್ದರೆ ಇರಲಿ.

ನೀವು ಆರಿಸಿದ ‘ಹೈ ಕ್ವಾಲಿಟಿ’ ಬಗ್ಗೆ ಒಂದು ಮಾತು. ಬಹಳಷ್ಟು ಕನ್ವರ್ಟರ್‌ಗಳಲ್ಲಿ ಅದೊಂದು ಹೆಸರು, ಅಷ್ಟೇ. ಒಳಗೆ ಯಾವುದೋ ಒಂದು ಬಿಟ್‌ರೇಟ್ ಮೊದಲೇ ಬರೆದಿಟ್ಟಿರುತ್ತದೆ. ಹಿಡಿಸದಿದ್ದರೆ ಸುಮ್ನೆ ಕಡಿಮೆ ಮಾಡಿ ಡಿಸ್ಕಿಗೆ ಹೊಂದಿಸಿಬಿಡುತ್ತದೆ, ನಿಮ್ಮನ್ನು ಕೇಳುವುದೂ ಇಲ್ಲ. ಬಿಟ್‌ರೇಟನ್ನು ಸಂಖ್ಯೆಯಲ್ಲಿ ಬರೆಯಲು ಬಿಡುವ ಸಾಫ್ಟ್‌ವೇರನ್ನೇ ಬಳಸಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಡಿವಿಡಿಸ್ಟೈಲರ್ ಉಚಿತ, ಮೆನುವನ್ನೂ ಮಾಡಿಕೊಡುತ್ತದೆ. ಒಳಗೆ ಕನ್ವರ್ಟ್ ಮಾಡುವ ಕೆಲಸ ಎಫ್ಎಫ್ಎಂಪೆಗ್‌ನದ್ದು. ಎಫ್ಎಫ್ಎಂಪೆಗ್ ಕೂಡ ಉಚಿತವೇ, ನೇರವಾಗಿ ಅದನ್ನೇ ಬಳಸುವ ಅಭ್ಯಾಸ ಇದ್ದವರಿಗೆ ಇನ್ನೂ ಹಿಡಿತ ಸಿಗುತ್ತದೆ. ಹ್ಯಾಂಡ್‌ಬ್ರೇಕ್ ಹೆಸರು ಕೇಳಿರುತ್ತೀರಿ. ಅದು ಡಿವಿಡಿಯಿಂದ ಫೈಲ್ ಮಾಡುತ್ತದೆಯೇ ಹೊರತು ಫೈಲಿನಿಂದ ಡಿವಿಡಿ ಮಾಡುವುದಿಲ್ಲ.

ಸೆಟ್ಟಿಂಗ್‌ಗಳಲ್ಲಿ ‘ಟೂ ಪಾಸ್’ (ಎರಡು ಸಲ ಓದುವುದು), ‘ವಿಬಿಆರ್’ (ಬೇಕಾದಂತೆ ಬದಲಾಗುವ ಬಿಟ್‌ರೇಟ್) ಎಂದು ಇದ್ದರೆ ಆರಿಸಿಕೊಳ್ಳಿ. ಮೊದಲ ಸಲ ವಿಡಿಯೋ ಪೂರ್ತಿ ಓದಿ ಎಲ್ಲಿ ಕಷ್ಟ, ಎಲ್ಲಿ ಸುಲಭ ಅಂತ ಗುರುತು ಹಾಕಿಕೊಳ್ಳುತ್ತದೆ. ಎರಡನೇ ಸಲ ನಿರೂಪಕರು ಮಾತಾಡುವ ಕಡೆ ಬಿಟ್ ಉಳಿಸಿ ಕುಣಿತಕ್ಕೆ ಕೊಡುತ್ತದೆ. ಸಮಯ ಹೆಚ್ಚುಕಮ್ಮಿ ಎರಡರಷ್ಟು ಹಿಡಿಯುತ್ತದೆ. ಬಿಟ್‌ರೇಟ್ 7ರ ಮೇಲಿದ್ದರೆ ಇದರಿಂದ ಆಗುವ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಕಷ್ಟ. ಒಂದೇ ಡಿಸ್ಕ್ ಬೇಕೇ ಬೇಕು, 3.5ರಲ್ಲೇ ಮುಗಿಸಬೇಕು ಅಂತ ನೀವು ಹಟ ಹಿಡಿದರೆ ಮಾತ್ರ ಇದು ಕಡ್ಡಾಯ. ಹಾಗೆ ಮಾಡುವವರು ಕನ್ವರ್ಟ್ ಮಾಡುವ ಮುಂಚೆ ಚಿತ್ರದ ಕಾಳು ತೆಗೆಯುವ ಡಿನಾಯ್ಸ್ ಫಿಲ್ಟರನ್ನೂ ಹಗುರವಾಗಿ ಹಾಕಿಕೊಳ್ಳಿ. ಮಂದ ಬೆಳಕಿನಲ್ಲಿ ತೆಗೆದ ವಿಡಿಯೋದಲ್ಲಿ ಕಪ್ಪು ಪರದೆಯ ಮೇಲೆ ಮರಳಿನಂತೆ ಕಾಳು ಕಾಳಾಗಿ ಕುದಿಯುತ್ತಿರುತ್ತದೆ. ಚಿತ್ರವನ್ನು ಕುಗ್ಗಿಸಿ ಬರೆಯುವ ಎನ್‌ಕೋಡರ್ ಪಾಲಿಗೆ ಅದೂ ಚಲನೆಯೇ, ಅದಕ್ಕೂ ಬಿಟ್ ಸುರಿಯುತ್ತದೆ. ಆದರೆ ಫಿಲ್ಟರ್ ಜಾಸ್ತಿಯಾದರೆ ಮುಖಗಳು ಮೇಣದ ಹಾಗಾಗುತ್ತವೆ, ಎಚ್ಚರ.

ಧ್ವನಿಯ ಕಡೆಯೂ ಕಣ್ಣಿಡಿ. ಕೆಲವು ಸಾಫ್ಟ್‌ವೇರ್‌ಗಳು ಧ್ವನಿಯನ್ನು ಕುಗ್ಗಿಸದೆ ಪಿಸಿಎಂ ರೂಪದಲ್ಲಿ ಇಡುತ್ತವೆ. ಅದೊಂದೇ ಸೆಕೆಂಡಿಗೆ 1.5 ಮೆಗಾಬಿಟ್ ನುಂಗುತ್ತದೆ. ನಿಮ್ಮ ಮೊದಲ ಡಿಸ್ಕಿನಲ್ಲಿ ಹಾಗೇನಾದರೂ ಆಗಿದ್ದರೆ ಚಿತ್ರಕ್ಕೆ ಉಳಿದದ್ದು ಎರಡೂಕಾಲು ಮೆಗಾಬಿಟ್ ಮಾತ್ರ! ಡಾಲ್ಬಿ ಡಿಜಿಟಲ್, ಅಂದರೆ ಎಸಿ-3 ಆರಿಸಿ. ಸ್ಟೀರಿಯೋಗೆ 224 ಕಿಲೋಬಿಟ್ ಸಾಕು, ಸಂಗೀತವೇ ಮುಖ್ಯ ಅನಿಸಿದರೆ 256 ಕೊಡಿ. ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್ ಇರಬೇಕು, ಡಿವಿಡಿಗೆ 44.1 ನಡೆಯುವುದಿಲ್ಲ.

ಈಗ ತೆಳ್ಳಗಾದ ಮನುಷ್ಯರ ವಿಷಯ. ಡಿವಿಡಿಯಲ್ಲಿ ಅಗಲ ಪರದೆಯ ಚಿತ್ರವೂ 720×576ರಲ್ಲೇ ಇರುತ್ತದೆ, ಹಳೆಯ ಟಿವಿಯ ಚಿತ್ರವೂ ಅಷ್ಟರಲ್ಲೇ ಇರುತ್ತದೆ. ಯಾವುದನ್ನು ಎಷ್ಟು ಅಗಲಕ್ಕೆ ಎಳೆದು ತೋರಿಸಬೇಕು ಅಂತ ಹೇಳುವುದು ಜೊತೆಗಿರುವ ಒಂದು ಗುರುತು: 16:9 ಅಥವಾ 4:3. ನಿಮ್ಮ ಸಾಫ್ಟ್‌ವೇರ್ ಚಿತ್ರವನ್ನು ಒತ್ತಿ ಕೂರಿಸಿದೆ, ಆದರೆ ಗುರುತು ಮಾತ್ರ 4:3 ಅಂತ ಹಾಕಿದೆ. ಪ್ಲೇಯರ್ ಅದನ್ನು ನಂಬಿ ಎಳೆಯದೆ ಬಿಟ್ಟಿದೆ. ಪ್ರಾಜೆಕ್ಟ್ ಶುರು ಮಾಡುವಾಗಲೇ 16:9 ಆರಿಸಿದರೆ ಸರಿಹೋಗುತ್ತದೆ. ಇನ್ನೊಂದು ಸಾಧ್ಯತೆ, ಪ್ಲೇಯರಿನ ಸೆಟ್ಟಿಂಗಿನಲ್ಲೇ ಟಿವಿ ಯಾವ ಬಗೆಯದು ಅನ್ನುವುದು ತಪ್ಪಾಗಿರಬಹುದು. ಬೇರೆ ಸಿನಿಮಾ ಡಿವಿಡಿ ಹಾಕಿ ನೋಡಿ, ಅದರಲ್ಲೂ ಜನ ತೆಳ್ಳಗಿದ್ದರೆ ನಿಮ್ಮ ಡಿಸ್ಕಿನ ತಪ್ಪಲ್ಲ.

ಇದಕ್ಕಿಂತ ಕೆಟ್ಟದ್ದೊಂದಿದೆ, ಅದು ಥಟ್ಟನೆ ಗೊತ್ತಾಗುವುದಿಲ್ಲ. ಕೆಲವು ಕನ್ವರ್ಟರ್‌ಗಳು 4:3 ಚೌಕಟ್ಟಿನೊಳಗೆ ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕಿ ಅಗಲ ಚಿತ್ರವನ್ನು ಕೂರಿಸುತ್ತವೆ. ಆಕಾರ ಸರಿಯಾಗಿಯೇ ಕಾಣುತ್ತದೆ. ಆದರೆ 576 ಸಾಲುಗಳಲ್ಲಿ ಚಿತ್ರಕ್ಕೆ ಸಿಕ್ಕಿದ್ದು 432, ಉಳಿದದ್ದೆಲ್ಲ ಕಪ್ಪು. ಮೊದಲೇ ಐದನೇ ಒಂದು ಪಾಲು, ಅದರಲ್ಲೂ ಕಾಲು ಭಾಗ ಹೋಯಿತು. ಕಪ್ಪು ಪಟ್ಟಿ ಚಿತ್ರದ ಒಳಗೇ ಸೇರಿದೆಯೋ ಅಂತ ವಿಎಲ್‌ಸಿಯಲ್ಲಿ ಒಮ್ಮೆ ನೋಡಿಕೊಳ್ಳಿ.

ಫೋನಿನ ತುಣುಕುಗಳಿಗೆ ಬರೋಣ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮ್ ಅಂದರೆ ಕೊನೆತನಕ 25ನ್ನೇ ಕೊಡುತ್ತದೆ. ಫೋನ್ ಹಾಗಲ್ಲ. 30 ಅಂತ ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ 24ಕ್ಕೆ ಇಳಿಯಬಹುದು, ಆಮೇಲೆ ಮತ್ತೆ ಏರಬಹುದು. ಇದಕ್ಕೆ ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಕಂಪ್ಯೂಟರಿನ ಪ್ಲೇಯರ್‌ಗಳು ಪ್ರತಿ ಫ್ರೇಮಿನ ಸಮಯ ನೋಡಿ ಓಡಿಸುವುದರಿಂದ ಅಲ್ಲಿ ಏನೂ ತೊಂದರೆ ಕಾಣುವುದಿಲ್ಲ. ಕೆಲವು ಕನ್ವರ್ಟರ್‌ಗಳು ಆ ಸಮಯವನ್ನು ಲೆಕ್ಕಕ್ಕೆ ತಗೊಳ್ಳದೆ ಫ್ರೇಮ್‌ಗಳನ್ನು ಒಂದೇ ಅಂತರದಲ್ಲಿ ಜೋಡಿಸುತ್ತವೆ. ಧ್ವನಿ ತನ್ನ ಪಾಡಿಗೆ ನಡೆಯುತ್ತದೆ, ಚಿತ್ರ ಹಿಂದೆ ಮುಂದೆ ಆಗುತ್ತದೆ. ತುಣುಕು ಉದ್ದ ಇದ್ದಷ್ಟೂ ವ್ಯತ್ಯಾಸ ಜಾಸ್ತಿ. ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದರೆ ಫ್ರೇಮ್ ರೇಟ್ ವೇರಿಯಬಲ್ಲೋ ಕಾನ್‌ಸ್ಟಂಟೋ ಎಂದು ಬರೆದಿರುತ್ತದೆ. ವೇರಿಯಬಲ್ ಇದ್ದ ತುಣುಕುಗಳನ್ನು ಮೊದಲು ಹ್ಯಾಂಡ್‌ಬ್ರೇಕಿಗೆ ಕೊಟ್ಟು, ಕಾನ್‌ಸ್ಟಂಟ್ ಫ್ರೇಮ್ ರೇಟ್ ಆರಿಸಿ, ಗುಣಮಟ್ಟ ಸಾಧ್ಯವಾದಷ್ಟು ಮೇಲಿಟ್ಟು ಹೊಸ ಫೈಲ್ ಮಾಡಿಕೊಳ್ಳಿ. ಡಿವಿಡಿಗೆ ಹಾಕಬೇಕಾದ್ದು ಆ ಫೈಲನ್ನು.

ಇಲ್ಲಿ ಬಿಟ್ಟರೆ ಬೇರೆಲ್ಲೂ ಮಧ್ಯೆ ಇನ್ನೊಂದು ಫೈಲ್ ಮಾಡಬೇಡಿ. ಎಂಪಿ4ನ್ನು ಎವಿಐ ಮಾಡಿ, ಎವಿಐಯನ್ನು ಎಂಪೆಗ್ ಮಾಡಿ, ಆಮೇಲೆ ಡಿವಿಡಿ ಮಾಡುವವರಿದ್ದಾರೆ. ಪ್ರತಿ ಸಲವೂ ಒಂದಿಷ್ಟು ವಿವರ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಸ್ನೇಹಿತರು ತುಣುಕುಗಳನ್ನು ಮೆಸೇಜಿನಲ್ಲಿ ವಿಡಿಯೋ ಆಗಿ ಕಳಿಸಿದ್ದರೆ ಆ್ಯಪ್ ಅದನ್ನು ಆಗಲೇ ಹಿಂಡಿರುತ್ತದೆ. ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹೊಸ ಫೋನಿನಲ್ಲಿ ಎಚ್‌ಡಿಆರ್ (ಬೆಳಕು-ಕತ್ತಲೆಯ ವ್ಯಾಪ್ತಿ ಹೆಚ್ಚಿರುವ ಬಗೆ) ಹಾಕಿ ತೆಗೆದ ತುಣುಕು ಡಿವಿಡಿಗೆ ಬಂದರೆ ಬಣ್ಣ ಸಪ್ಪೆಯಾಗಿ, ಬೂದಿ ಬಳಿದಂತೆ ಕಾಣುತ್ತದೆ. ಅಂಥದ್ದನ್ನು ಮೊದಲು ಎಸ್‌ಡಿಆರ್‌ಗೆ, ಅಂದರೆ ಮಾಮೂಲಿ ಬಗೆಗೆ, ಇಳಿಸಿಕೊಳ್ಳಬೇಕು. ಮಾಮೂಲಿ ಎಚ್‌ಡಿ ಫೈಲಿನಲ್ಲೂ ಬಣ್ಣದ ಲೆಕ್ಕ ರೆಕ್ 709, ಡಿವಿಡಿಯದ್ದು ರೆಕ್ 601. ಸಾಫ್ಟ್‌ವೇರ್ ಇದನ್ನು ಬದಲಿಸದಿದ್ದರೆ ಕೆಂಪು, ಹಸಿರು ತುಸು ಆಚೀಚೆ ಆಗುತ್ತವೆ. ಪಕ್ಕಪಕ್ಕ ಇಟ್ಟು ನೋಡಿದರಷ್ಟೇ ಗೊತ್ತಾಗುವ ವ್ಯತ್ಯಾಸ ಅದು, ತಲೆಕೆಡಿಸಿಕೊಳ್ಳುವಷ್ಟಲ್ಲ.

ಪಾಲ್ ಮಾಡಬೇಕೋ ಎನ್‌ಟಿಎಸ್‌ಸಿ ಮಾಡಬೇಕೋ? ನಿಮ್ಮ ಮುಖ್ಯ ಫೈಲ್ 25 ಫ್ರೇಮಿನದ್ದು, ಪಾಲ್ ಕೂಡ 25. ಯೋಚನೆಯೇ ಬೇಡ, ಪಾಲ್ ಮಾಡಿ. 30 ಫ್ರೇಮಿನ ಫೋನ್ ತುಣುಕುಗಳಲ್ಲಿ ಸೆಕೆಂಡಿಗೆ ಐದು ಫ್ರೇಮ್ ಬಿಟ್ಟುಹೋಗುತ್ತವೆ, ನಡಿಗೆ ಸ್ವಲ್ಪ ಕುಂಟಿದಂತೆ ಕಾಣಬಹುದು. ಅದು ಕೆಲವೇ ತುಣುಕುಗಳಲ್ಲಿ ಅಲ್ವಾ, ಸಹಿಸಿಕೊಳ್ಳಬಹುದು. ಇಡೀ ವಿಡಿಯೋ ಫೋನಿನದ್ದೇ ಆಗಿದ್ದರೆ ಎನ್‌ಟಿಎಸ್‌ಸಿ ಮಾಡಿ ಅನ್ನುತ್ತಿದ್ದೆ. ಪಾಲ್ ದೇಶಗಳ ಪ್ಲೇಯರ್‌ಗಳು ಸಾಮಾನ್ಯವಾಗಿ ಎರಡನ್ನೂ ಓಡಿಸುತ್ತವೆ. ಎನ್‌ಟಿಎಸ್‌ಸಿ ದೇಶಗಳ ಎಷ್ಟೋ ಪ್ಲೇಯರ್‌ಗಳು ಪಾಲ್ ಡಿಸ್ಕನ್ನು ಓಡಿಸುವುದಿಲ್ಲ. ಯಾರಿಗಾದರೂ ಅಲ್ಲಿಗೆ ಕಳಿಸುವುದಿದ್ದರೆ ಇದು ನೆನಪಿರಲಿ.

ಮೀಡಿಯಾಇನ್ಫೋ ತೆರೆದಾಗ ಸ್ಕ್ಯಾನ್ ಟೈಪ್ ಎಂಬ ಸಾಲನ್ನೂ ನೋಡಿ. ಪ್ರೋಗ್ರೆಸಿವ್ ಎಂದಿದ್ದರೆ ಮುಂದಕ್ಕೆ ಹೋಗಿ. ಇಂಟರ್‌ಲೇಸ್ಡ್ ಎಂದಿದ್ದರೆ ಪ್ರತಿ ಫ್ರೇಮಿನಲ್ಲೂ ಎರಡು ಕ್ಷಣಗಳ ಅರ್ಧರ್ಧ ಚಿತ್ರ ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಹೆಣೆದಿರುತ್ತದೆ. ಅದನ್ನು ಬಿಡಿಸದೆ 1080ರಿಂದ 576ಕ್ಕೆ ಇಳಿಸಿದರೆ ಎರಡೂ ಕಲಸಿಹೋಗಿ, ಚಲಿಸುವ ಕೈಕಾಲುಗಳಿಗೆಲ್ಲ ಜೋಡಿ ನೆರಳು ಬೀಳುತ್ತದೆ. ಅಂಥ ಫೈಲಿಗೆ ಡಿಇಂಟರ್‌ಲೇಸ್ ಆಯ್ಕೆ ಹಾಕಿಯೇ ಕುಗ್ಗಿಸಬೇಕು. ಡಿಇಂಟರ್‌ಲೇಸ್ ಮಾಡಿ ಸೆಕೆಂಡಿಗೆ 50 ಚಿತ್ರ ತೆಗೆದು, ಕುಗ್ಗಿಸಿ, ಮತ್ತೆ ಇಂಟರ್‌ಲೇಸ್ ಮಾಡಿ ಡಿವಿಡಿಗೆ ಬರೆಯುವುದು ನೃತ್ಯಕ್ಕೆ ಅತ್ಯುತ್ತಮ, ಚಲನೆ ನೀರಿನಂತೆ ನಯವಾಗಿ ಬರುತ್ತದೆ. ಆದರೆ ಅದಕ್ಕೆ ಎಫ್ಎಫ್ಎಂಪೆಗ್‌ನ ಕಮಾಂಡ್‌ಗಳ ಜೊತೆ ಗುದ್ದಾಡಬೇಕು. ಮೊದಲ ಸಲಕ್ಕೆ ಬೇಡ.

ಎಲ್ಲಾ ಸೆಟ್ಟಿಂಗ್ ಆದ ಮೇಲೆ ಇಡೀ ಕಾರ್ಯಕ್ರಮವನ್ನು ಕನ್ವರ್ಟ್‌ಗೆ ಹಾಕಿ ಗಂಟೆಗಟ್ಟಲೆ ಕಾಯಬೇಡಿ. ಅತಿ ಕಷ್ಟದ ಎರಡು ನಿಮಿಷ ಆರಿಸಿ. ದೀಪ ಮಿನುಗುವ, ಎಲ್ಲರೂ ಒಟ್ಟಿಗೆ ಕುಣಿಯುವ ಜಾಗ. ಜೊತೆಗೆ ಒಂದು ಫೋನ್ ತುಣುಕು. ಅಷ್ಟನ್ನೇ ಕನ್ವರ್ಟ್ ಮಾಡಿ, ಅಳಿಸಿ ಬರೆಯಬಹುದಾದ ಡಿವಿಡಿ-ಆರ್‌ಡಬ್ಲ್ಯುಗೆ ಹಾಕಿ, ನಿಜವಾದ ಟಿವಿಯಲ್ಲಿ, ಸೋಫಾದಷ್ಟು ದೂರದಿಂದ ನೋಡಿ. ಕಂಪ್ಯೂಟರ್ ಪರದೆಗೆ ಮೂಗು ತಾಗಿಸಿ ನೋಡಿದರೆ ಯಾವ ಡಿವಿಡಿಯೂ ಚೆನ್ನಾಗಿ ಕಾಣುವುದಿಲ್ಲ. ಪ್ಲೇಯರಿನಿಂದ ಟಿವಿಗೆ ಹಳದಿ ತುದಿಯ ವೈರ್ ಹೋಗಿದ್ದರೆ ಅದನ್ನು ಬದಲಿಸಿ. ಎಚ್‌ಡಿಎಂಐ ಇದ್ದರೆ ಅದು, ಇಲ್ಲದಿದ್ದರೆ ಚಿತ್ರಕ್ಕೆ ಕೆಂಪು, ಹಸಿರು, ನೀಲಿ ತುದಿಯ ಮೂರು ವೈರ್‌ಗಳಿರುವ ಕಾಂಪೊನೆಂಟ್. ಎಷ್ಟೋ ಮನೆಗಳಲ್ಲಿ ಡಿಸ್ಕನ್ನು ಬೈಯುತ್ತಾರೆ, ತಪ್ಪು ವೈರಿನದ್ದು.

ಬರ್ನ್ ಮಾಡುವ ವೇಗಕ್ಕೂ ಚಿತ್ರದ ಸ್ಪಷ್ಟತೆಗೂ ಸಂಬಂಧವಿಲ್ಲ. ನಿಧಾನಕ್ಕೆ ಬರೆದರೆ ಚಿತ್ರ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ ಬಹಳ ಜನರಿಗಿದೆ, ಅದು ನಿಜವಲ್ಲ. ಬರೆದ ಬಿಟ್‌ಗಳು ಅವೇ. ವೇಗ ತಪ್ಪಾದರೆ ಡಿಸ್ಕ್ ಓದಲು ಕಷ್ಟವಾಗಿ ಚಿತ್ರ ನಿಲ್ಲುತ್ತದೆ, ಜಿಗಿಯುತ್ತದೆ, ಮಸುಕಾಗುವುದಿಲ್ಲ. ಒಳ್ಳೆಯ ಡಿಸ್ಕಿಗೆ 4 ಅಥವಾ 8 ಎಕ್ಸ್ ವೇಗ ಸರಿ. ಬರೆದ ಮೇಲೆ ವೆರಿಫೈ ಮಾಡಿ (ಬರೆದದ್ದು ಸರಿಯಿದೆಯೇ ಎಂದು ಸಾಫ್ಟ್‌ವೇರೇ ಓದಿ ನೋಡುತ್ತದೆ), ಪ್ಲೇಯರ್‌ಗಳು ಓದಲು ಬೇಕಾದ ಫೈನಲೈಸ್ ಎಂಬ ಕೊನೆಯ ಹಂತ ಆಗಿದೆಯೇ ನೋಡಿ.

ಕೊನೆಯದಾಗಿ ಇನ್ನೊಂದು ದಾರಿ. ಹಿರಿಯರ ಮನೆಯಲ್ಲಿರುವುದು ಡಿವಿಡಿ ಪ್ಲೇಯರೋ ಬ್ಲೂ-ರೇ ಪ್ಲೇಯರೋ ಅಂತ ಒಮ್ಮೆ ಕೇಳಿ. ಬ್ಲೂ-ರೇ ಆಗಿದ್ದರೆ ಸಾಮಾನ್ಯ ಡಿವಿಡಿ ಡಿಸ್ಕಿಗೇ ಎವಿಸಿಎಚ್‌ಡಿ ರೂಪದಲ್ಲಿ ಎಚ್‌ಡಿ ಚಿತ್ರವನ್ನು ಬರೆಯಬಹುದು, ಬಹಳಷ್ಟು ಬ್ಲೂ-ರೇ ಪ್ಲೇಯರ್‌ಗಳು ಅದನ್ನು ಓಡಿಸುತ್ತವೆ. ಟಿವಿಗೆ ಯುಎಸ್‌ಬಿ ಕಿಂಡಿ ಇದ್ದರಂತೂ ಪೆನ್‌ಡ್ರೈವಿಗೆ ನಿಮ್ಮ ಎಂಪಿ4ನ್ನೇ ಹಾಕಿಕೊಡಿ. ಡ್ರೈವ್ ಎಫ್ಎಟಿ32 ರೂಪದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಸುವುದಿಲ್ಲ. ಆಗ ಮಧ್ಯಂತರದಲ್ಲಿ ಕತ್ತರಿಸಿ, ಅದೂ ಸಾಲದಿದ್ದರೆ ಒಂದೊಂದು ನೃತ್ಯಕ್ಕೆ ಒಂದೊಂದು ಫೈಲ್ ಮಾಡಿ.